ಕರುಳಿನ ಸ್ಕ್ರೀನಿಂಗ್ ಬೇಕಾ, ಬೇಡ್ವಾ: ಕಾಯಿಲೆಯ ಭಯ ಜಾಸ್ತಿ ಇರುವವರು ನಿರ್ಧಾರ ಮಾಡುವ ಬಗೆ

ಕರುಳಿನ ಕ್ಯಾನ್ಸರ್ ಅಂದರೆ ಹೆದರುವವರಲ್ಲಿ ಎರಡು ಥರದವರಿದ್ದಾರೆ. ಕೆಲವರಿಗೆ ಹೊಟ್ಟೆಯಲ್ಲಿ ಸ್ವಲ್ಪ ಗುಡುಗುಡು ಅಂದರೂ ಸಾಕು, ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಿಬಿಡೋಣ ಅನ್ನಿಸುತ್ತದೆ. ಇನ್ನು ಕೆಲವರು ವಯಸ್ಸು ಐವತ್ತು ದಾಟಿದ್ದರೂ, ಡಾಕ್ಟರ್ ಎರಡು ಸಲ ಹೇಳಿದ್ದರೂ, ಮಲ ಪರೀಕ್ಷೆಯ ಕಿಟ್ ಮನೆಯಲ್ಲೇ ಬಿದ್ದಿದ್ದರೂ ಅದನ್ನು ಮುಟ್ಟುವುದಿಲ್ಲ, ಏನಾದರೂ ಸಿಕ್ಕಿಬಿಟ್ಟರೆ ಅಂತ. ನೋಡಲು ಇವರಿಬ್ಬರೂ ಬೇರೆ ಬೇರೆ. ಆದರೆ ಟೆಸ್ಟ್ ಬೇಕೋ ಬೇಡವೋ ಅನ್ನುವ ತೀರ್ಮಾನವನ್ನು ಇಬ್ಬರೂ ಭಯದ ಕೈಗೆ ಕೊಟ್ಟುಬಿಟ್ಟಿದ್ದಾರೆ.

ಆ ತೀರ್ಮಾನಕ್ಕೆ ನಾಲ್ಕು ವಿಷಯ ಸಾಕು: ಈಗಿರುವ ಲಕ್ಷಣ, ವಯಸ್ಸು, ಮನೆಯವರ ಆರೋಗ್ಯದ ಇತಿಹಾಸ, ನಿಮಗೆ ಹಿಂದೆ ಇದ್ದ ಕಾಯಿಲೆ. ನಿಮಗೆ ಎಷ್ಟು ಹೆದರಿಕೆ ಆಗುತ್ತಿದೆ ಅನ್ನುವುದು ಈ ಪಟ್ಟಿಯಲ್ಲಿ ಇಲ್ಲ. ಹೆದರಿಕೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ನಿಜವಾದ ಸಂಕಟ, ಅದಕ್ಕೆ ಅದರದೇ ಚಿಕಿತ್ಸೆ ಇದೆ, ಕೊನೆಯಲ್ಲಿ ಅದರ ಬಗ್ಗೆ ಬರೆದಿದ್ದೇನೆ. ಸದ್ಯಕ್ಕೆ ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ಫೋನ್‌ನಲ್ಲಿ ಬರೆಯಬೇಡಿ. ಫೋನ್ ಕೈಗೆ ಬಂದರೆ ಮುಂದಿನ ನಿಮಿಷವೇ ಹುಡುಕಾಟ ಶುರುವಾಗುತ್ತದೆ, ಅಲ್ವಾ?

ಮೊದಲು ಕೇಳಿಕೊಳ್ಳಬೇಕಾದದ್ದು: ನನಗೆ ಲಕ್ಷಣ ಇದೆಯಾ?

ಸ್ಕ್ರೀನಿಂಗ್ ಇರುವುದು ಏನೂ ಲಕ್ಷಣ ಇಲ್ಲದವರಿಗೆ. ಆರಾಮಾಗಿರುವ ಜನರಲ್ಲಿ, ಇನ್ನೂ ತೊಂದರೆ ಕೊಡದ ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಚಿಕ್ಕ ಗಂಟು) ಅಥವಾ ಶುರುವಿನ ಕ್ಯಾನ್ಸರ್ ಇದೆಯಾ ಅಂತ ನೋಡುವುದು ಅದರ ಕೆಲಸ. ಲಕ್ಷಣ ಇದ್ದರೆ ದಾರಿ ಬೇರೆ, ಆಗ ನೇರವಾಗಿ ಡಾಕ್ಟರ್ ಹತ್ತಿರ ಹೋಗಬೇಕು. ವಯಸ್ಸು ಎಷ್ಟೇ ಇರಲಿ, ಸ್ಕ್ರೀನಿಂಗ್‌ಗೆ ನನ್ನ ಸರದಿ ಯಾವಾಗ ಅಂತ ಕಾಯುವ ಹಾಗಿಲ್ಲ. ಕಳೆದ ವರ್ಷದ ಸ್ಕ್ರೀನಿಂಗ್ ನಾರ್ಮಲ್ ಬಂದಿತ್ತು ಅಂತ ಸುಮ್ಮನೆ ಕೂರುವ ಹಾಗೂ ಇಲ್ಲ.

ಇದಕ್ಕೆ ಕಾರಣವನ್ನೂ ಹೇಳುತ್ತೇನೆ. ಫಿಟ್ ಅನ್ನುವ ಮಲ ಪರೀಕ್ಷೆ ಇದೆ, ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಇದ್ದರೂ ಪತ್ತೆ ಮಾಡುತ್ತದೆ. ಎಷ್ಟು ರಕ್ತ ಇದ್ದರೆ ಪಾಸಿಟಿವ್ ಅನ್ನಬೇಕು ಅನ್ನುವುದಕ್ಕೆ ಒಂದು ಗೆರೆ ಹಾಕಿರುತ್ತಾರೆ. ಇಂಗ್ಲೆಂಡ್‌ನಲ್ಲಿ 2019ರಲ್ಲಿ ಸ್ಕ್ರೀನಿಂಗ್‌ಗೆ ಫಿಟ್ ಬಂದಾಗ ಆ ಗೆರೆ ಒಂದು ಗ್ರಾಂ ಮಲಕ್ಕೆ 120 ಮೈಕ್ರೋಗ್ರಾಂ ಇತ್ತು. ಅದೇ ದೇಶದಲ್ಲಿ ಲಕ್ಷಣ ಇರುವವರಿಗೆ ಇದೇ ಟೆಸ್ಟ್ ಮಾಡಿದರೆ ಗೆರೆ ಬರೀ 10. ಸ್ಕ್ರೀನಿಂಗ್‌ನಲ್ಲಿ ನಾರ್ಮಲ್ ಅಂತ ಬಂದದ್ದು, ಲಕ್ಷಣ ಇದ್ದಾಗ ನಾರ್ಮಲ್ ಅನ್ನಿಸಿಕೊಳ್ಳದೇ ಇರಬಹುದು.

ಡಾಕ್ಟರ್‌ಗೆ ಹೇಳಲೇಬೇಕಾದ ಲಕ್ಷಣಗಳು ಇವು. ಮಲದಲ್ಲಿ ಅಥವಾ ಒರೆಸಿದಾಗ ರಕ್ತ ಕಾಣುವುದು. ನಿಮ್ಮ ಮಾಮೂಲಿ ಅಭ್ಯಾಸ ಬದಲಾಗಿ ಮೂರು ವಾರಕ್ಕಿಂತ ಜಾಸ್ತಿ ಹಾಗೇ ಉಳಿಯುವುದು, ಅಂದರೆ ಪದೇ ಪದೇ ತೆಳ್ಳಗೆ ಹೋಗುವುದು ಅಥವಾ ಹಿಂದೆಂದೂ ಇಲ್ಲದ ಮಲಬದ್ಧತೆ. ಪ್ರಯತ್ನ ಪಡದೇ ತೂಕ ಇಳಿಯುವುದು. ರಕ್ತ ಪರೀಕ್ಷೆಯಲ್ಲಿ ಕಬ್ಬಿಣಾಂಶ ಕಮ್ಮಿಯಾಗಿ ಹಿಮೋಗ್ಲೋಬಿನ್ ಇಳಿದಿರುವುದು. ಹೊಟ್ಟೆಯಲ್ಲಿ ಗಂಟು ಕೈಗೆ ಸಿಗುವುದು. ಹೋಗಿ ಬಂದ ಮೇಲೂ ಇನ್ನೂ ಇದೆ ಅನ್ನಿಸುತ್ತಲೇ ಇರುವುದು. ಹೋಗದೇ ಉಳಿದ ಹೊಟ್ಟೆನೋವು. ಇವುಗಳಿಗೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ರಕ್ತ ಧಾರೆಯಾಗಿ ಬರುತ್ತಿದ್ದರೆ, ಮಲ ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿ ಹೋಗುತ್ತಿದ್ದರೆ, ಅಥವಾ ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದೆ ಮಲವೂ ಹೋಗದೆ ನೋವು ಏರುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುವವರಿಗೆ ಮಲ ಕಪ್ಪಾಗುವುದು ಮಾಮೂಲು, ಅದು ಬೇರೆ.

ಇದನ್ನು ಓದಿದ ತಕ್ಷಣ, ಅಯ್ಯೋ ಇವೆಲ್ಲಾ ನನಗೂ ಇದೆ ಅನ್ನಿಸಿದರೆ ಆಶ್ಚರ್ಯ ಇಲ್ಲ. ಭಯ ಇರುವವರು ಲಕ್ಷಣದ ಪಟ್ಟಿ ಓದುವಾಗ ದೇಹ ಪ್ರತಿ ಸಾಲಿಗೂ ಹೌದು ಹೌದು ಅನ್ನುತ್ತದೆ. ಕರುಳಿಗೆ ಅದರದೇ ನರಗಳ ಜಾಲ ಇದೆ, ಅದು ಮೆದುಳಿನ ಜೊತೆ ಸದಾ ಮಾತಾಡುತ್ತಿರುತ್ತದೆ. ಆತಂಕ ಏರಿದಾಗ ಕರುಳು ಬೇಗ ಬೇಗ ಓಡುತ್ತದೆ, ಹೊಟ್ಟೆ ನುಲಿಯುತ್ತದೆ, ತೆಳ್ಳಗೆ ಹೋಗುತ್ತದೆ, ಅದನ್ನು ನೋಡಿ ಆತಂಕ ಇನ್ನೂ ಏರುತ್ತದೆ. ಹಾಗಾಗಿ ಪಟ್ಟಿಯನ್ನು ಇನ್ನೊಂದು ಕಡೆಯಿಂದ ನೋಡಿ, ಆತಂಕದಿಂದ ಆಗಲಾರದ್ದು ಯಾವುದಾದರೂ ಇದೆಯಾ ಅಂತ. ಭಯದಿಂದ ಹೊಟ್ಟೆ ಕೆಡುತ್ತದೆ, ಆದರೆ ಮಲದಲ್ಲಿ ರಕ್ತ ಬರುವುದಿಲ್ಲ. ಭಯದಿಂದ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ) ಇಳಿಯುವುದಿಲ್ಲ. ಗಾಢ ನಿದ್ದೆಯಿಂದ ಎಬ್ಬಿಸುವ ಭೇದಿ ಸಾಮಾನ್ಯವಾಗಿ ಬರೀ ಆತಂಕದ್ದಾಗಿರುವುದಿಲ್ಲ. ತೂಕದ ವಿಷಯ ಸ್ವಲ್ಪ ಸೂಕ್ಷ್ಮ, ಯಾಕೆಂದರೆ ಭಯಕ್ಕೆ ಊಟ ಬಿಟ್ಟವರೂ ಇಳಿಯುತ್ತಾರೆ. ಆದರೂ ಕಾರಣ ಯಾವುದೇ ಇರಲಿ, ಇಳಿದಿದ್ದರೆ ಡಾಕ್ಟರ್‌ಗೆ ಹೇಳಿ.

ರಕ್ತದ ಬಗ್ಗೆ ಇನ್ನೂ ಒಂದು ಮಾತು. ಒರೆಸಿದಾಗ ಕಾಣುವ ಕೆಂಪು ರಕ್ತಕ್ಕೆ ಬಹುತೇಕ ಸಲ ಪೈಲ್ಸ್ ಅಥವಾ ಗುದದ್ವಾರದಲ್ಲಿ ಬಿರುಕು ಕಾರಣ. ಇದು ಧೈರ್ಯ ಕೊಡುವ ಸತ್ಯ. ಆದರೆ ಅದನ್ನು ನೀವೇ ತೀರ್ಮಾನ ಮಾಡಬೇಡಿ, ಡಾಕ್ಟರ್ ಒಮ್ಮೆ ನೋಡಲಿ. ಐವತ್ತರ ಒಳಗಿನವರಲ್ಲೂ ಈ ಕ್ಯಾನ್ಸರ್ ಅನೇಕ ದೇಶಗಳಲ್ಲಿ ಹೆಚ್ಚುತ್ತಿದೆ. ಹಾಗಾಗಿ ನಿಮಗೆ ಚಿಕ್ಕ ವಯಸ್ಸು, ಪೈಲ್ಸ್ ಇರಬೇಕು ಬಿಡಿ ಅಂತ ನೋಡದೆಯೇ ಕಳಿಸಿದರೆ, ದಯವಿಟ್ಟು ಒಮ್ಮೆ ಪರೀಕ್ಷೆ ಮಾಡಿ ಅಂತ ಕೇಳುವುದು ಅತಿ ಅನ್ನಿಸಿಕೊಳ್ಳುವುದಿಲ್ಲ. ಕೇಳಿ. ಲಕ್ಷಣ ಇದ್ದಾಗ ಕೇಳುವುದು ನಿಮ್ಮ ಹಕ್ಕು.

ಆಮೇಲೆ ವಯಸ್ಸು

ಲಕ್ಷಣ ಇಲ್ಲ, ಮನೆಯಲ್ಲಿ ಯಾರಿಗೂ ಇಲ್ಲ ಅಂದರೆ ನೀವು ಸಾಧಾರಣ ಅಪಾಯದ ಗುಂಪಿನವರು. ಜಗತ್ತಿನ ಬಹುಪಾಲು ಜನ ಇದೇ ಗುಂಪಿನಲ್ಲಿದ್ದಾರೆ. ಇವರಿಗೆ ಯಾವಾಗ ಶುರು ಮಾಡಬೇಕು ಅನ್ನುವುದರಲ್ಲಿ ದೇಶ ದೇಶಕ್ಕೆ ವ್ಯತ್ಯಾಸ ಇದೆ. ಅಮೆರಿಕದಲ್ಲಿ 2021ರಲ್ಲಿ ಶುರುವಿನ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದರು. 75ರ ತನಕ ಮಾಡಿಸಿ, 76ರಿಂದ 85ರವರೆಗೆ ಆರೋಗ್ಯ ನೋಡಿ ಡಾಕ್ಟರ್ ಜೊತೆ ಕೂತು ನಿರ್ಧರಿಸಿ, ಅದರ ಮೇಲೆ ಬೇಡ ಅನ್ನುವುದು ಅಲ್ಲಿನ ಸಲಹೆ. ಇಂಗ್ಲೆಂಡ್‌ನಲ್ಲಿ 50ರಿಂದ 74ರವರಿಗೆ ಎರಡು ವರ್ಷಕ್ಕೊಮ್ಮೆ ಫಿಟ್ ಕಿಟ್ ಮನೆಗೇ ಬರುತ್ತದೆ. ಆಸ್ಟ್ರೇಲಿಯಾದಲ್ಲಿ 2024ರಿಂದ 45 ದಾಟಿದವರೂ ಕೇಳಿ ತರಿಸಿಕೊಳ್ಳಬಹುದು. ನೀವಿರುವ ಕಡೆ ಇಂಥ ಯೋಜನೆ ಇದ್ದರೆ ಅಲ್ಲಿನ ವಯಸ್ಸನ್ನೇ ಹಿಡಿಯಿರಿ. ಇಲ್ಲದಿದ್ದರೆ ನಿಮ್ಮ ಡಾಕ್ಟರ್‌ನ್ನು ಕೇಳಿ, ಅವರು ಹೇಳಿದ ವಯಸ್ಸನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಇರುವುದರಲ್ಲೇ ಚಿಕ್ಕ ವಯಸ್ಸಿನ ನಿಯಮ ಯಾವ ದೇಶದ್ದು ಅಂತ ಹುಡುಕಿಕೊಂಡು ಹೋಗಬೇಡಿ.

ಮನೆಯವರ ಇತಿಹಾಸ: ಇಲ್ಲಿ ಸರಿಯಾಗಿ ವಿಚಾರಿಸಿ

ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕಾದ ಭಾಗ ಇದು, ಜನ ಅವಸರದಲ್ಲಿ ದಾಟಿಬಿಡುವುದೂ ಇದನ್ನೇ. ತಾತನಿಗೆ ಹೊಟ್ಟೆ ಕ್ಯಾನ್ಸರ್ ಇತ್ತಂತೆ ಅನ್ನುವ ಮಾತಿನಿಂದ ಏನೂ ನಿರ್ಧರಿಸಲಾಗುವುದಿಲ್ಲ. ಹೊಟ್ಟೆ ಅಂದರೆ ಜಠರವೋ, ಲಿವರ್ರೋ, ದೊಡ್ಡ ಕರುಳೋ, ಗರ್ಭಕೋಶವೋ ಯಾರಿಗೆ ಗೊತ್ತು? ಮನೆಯ ಹಿರಿಯರ ಹತ್ತಿರ ಕೂತು ಕೇಳಿ: ಯಾರಿಗೆ, ಯಾವ ಅಂಗದ್ದು, ಎಷ್ಟನೇ ವಯಸ್ಸಿಗೆ ಗೊತ್ತಾಯಿತು. ಹಳೆಯ ಆಸ್ಪತ್ರೆಯ ಕಾಗದ ಇದ್ದರೆ ಬಂಗಾರ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಇವರ ಇತಿಹಾಸಕ್ಕೆ ತೂಕ ಜಾಸ್ತಿ. ಅಜ್ಜ ಅಜ್ಜಿ, ಚಿಕ್ಕಪ್ಪ, ಸೋದರಮಾವ, ಅತ್ತೆ ಇವರದು ಅದಕ್ಕಿಂತ ಕಮ್ಮಿ, ಆದರೆ ಒಂದೇ ಕಡೆಯ ಸಂಬಂಧಿಕರಲ್ಲಿ ಎರಡು ಮೂರು ಜನಕ್ಕೆ ಬಂದಿದ್ದರೆ ತೂಕ ಏರುತ್ತದೆ.

ಹತ್ತಿರದ ಸಂಬಂಧಿಗೆ 60 ತುಂಬುವ ಮೊದಲೇ ಕರುಳಿನ ಕ್ಯಾನ್ಸರ್ ಬಂದಿದ್ದರೆ ಅಮೆರಿಕದ ತಜ್ಞರ ಸಲಹೆ ಹೀಗಿದೆ. ನಿಮಗೆ 40 ಆದಾಗ, ಅಥವಾ ಅವರಿಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮೊದಲು ಬರುತ್ತದೋ ಆಗ ಕೊಲೊನೋಸ್ಕೋಪಿ ಶುರು ಮಾಡಿ, 5 ವರ್ಷಕ್ಕೊಮ್ಮೆ ಮಾಡಿಸುತ್ತಾ ಹೋಗಬೇಕು. ಅಮ್ಮನಿಗೆ 46ಕ್ಕೆ ಗೊತ್ತಾಗಿದ್ದರೆ ನೀವು 36ಕ್ಕೆ ಶುರು ಮಾಡಬೇಕು. ಬೇರೆ ದೇಶಗಳ ಲೆಕ್ಕ ಸ್ವಲ್ಪ ಬೇರೆ, ಆದರೆ ಹತ್ತಿರದವರಿಗೆ ಚಿಕ್ಕ ವಯಸ್ಸಲ್ಲಿ ಬಂದಿದ್ದರೆ ನೀವು ಬೇಗ ನೋಡಿಸಿಕೊಳ್ಳಿ ಅನ್ನುವುದರಲ್ಲಿ ಭೇದ ಇಲ್ಲ.

ಇನ್ನು ಕೆಲವು ಮನೆತನಗಳಲ್ಲಿ ಜೀನ್‌ನಲ್ಲೇ ಈ ಅಪಾಯ ಬರುತ್ತದೆ. ಲಿಂಚ್ ಸಿಂಡ್ರೋಮ್ ಅನ್ನುವುದರಲ್ಲಿ ಕರುಳಿನ ಕ್ಯಾನ್ಸರ್ ಜೊತೆಗೆ ಗರ್ಭಕೋಶದ್ದು, ಅಂಡಾಶಯದ್ದು ಕೂಡ ಒಂದೇ ಕುಟುಂಬದಲ್ಲಿ ಮತ್ತೆ ಮತ್ತೆ, ಅದೂ ಐವತ್ತರ ಒಳಗೆ ಕಾಣಿಸುತ್ತದೆ. ಎಫ್‌ಎಪಿ ಅನ್ನುವುದರಲ್ಲಿ ಹದಿಹರೆಯದಲ್ಲೇ ಕರುಳಿನಲ್ಲಿ ನೂರಾರು ಪಾಲಿಪ್ ಬೆಳೆಯುತ್ತವೆ. ಇಂಥ ಮನೆಯವರಾದರೆ ಸಾಧಾರಣ ಸ್ಕ್ರೀನಿಂಗ್ ನಿಯಮ ನಿಮಗೆ ಅನ್ವಯಿಸುವುದಿಲ್ಲ. ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ಮನೆತನದಲ್ಲಿ ಬರುವ ಕಾಯಿಲೆಗಳ ತಜ್ಞರ ಸಲಹೆ, ಕೇಳಿ.

ನಿಮ್ಮದೇ ಹಳೆಯ ಇತಿಹಾಸವನ್ನೂ ಬರೆಯಿರಿ. ಹಿಂದೆ ಪಾಲಿಪ್ ತೆಗೆದಿದ್ದರೆ ಅದರ ಬಯಾಪ್ಸಿ ರಿಪೋರ್ಟ್ ಹುಡುಕಿ ಇಟ್ಟುಕೊಳ್ಳಿ. ಅಲ್ಸರೇಟಿವ್ ಕೊಲೈಟಿಸ್ ಅಥವಾ ದೊಡ್ಡ ಕರುಳಿನ ಕ್ರೋನ್ಸ್ ಕಾಯಿಲೆ (ಎರಡೂ ಕರುಳಿನಲ್ಲಿ ವರ್ಷಗಟ್ಟಲೆ ಇರುವ ಉರಿಯೂತದ ಕಾಯಿಲೆಗಳು) ಇದ್ದರೆ ಸುಮಾರು 8 ವರ್ಷ ಆದ ಮೇಲೆ ಕೊಲೊನೋಸ್ಕೋಪಿಯ ಕಾವಲು ಶುರುವಾಗುತ್ತದೆ. ಬರೀ ಐಬಿಎಸ್ (ಉರಿಯೂತ ಇಲ್ಲದೆಯೂ ಹೊಟ್ಟೆನೋವು, ಭೇದಿ, ಮಲಬದ್ಧತೆ ಕಾಡುವ ತೊಂದರೆ) ಇದ್ದರೆ ಚಿಂತೆ ಬೇಡ. ಅದು ಕಾಡಿಸುತ್ತದೆ ನಿಜ, ಆದರೆ ಕ್ಯಾನ್ಸರ್ ಆಗಿ ತಿರುಗುವುದಿಲ್ಲ.

ಲಕ್ಷಣ ಇಲ್ಲ, ವಯಸ್ಸಾಗಿಲ್ಲ, ಮನೆಯಲ್ಲಿ ಇಲ್ಲ. ಆದರೂ ಸುಮ್ನೆ ಒಂದ್ಸಲ ಮಾಡಿಸಿಬಿಡಲಾ?

ಬೇಡ. ಇದನ್ನು ನೇರವಾಗಿ ಹೇಳುತ್ತಿದ್ದೇನೆ, ಯಾಕೆಂದರೆ ಭಯ ಇರುವವರಿಗೆ ಇಲ್ಲಿ ಯಾರೂ ಸ್ಪಷ್ಟವಾಗಿ ಹೇಳುವುದಿಲ್ಲ. ಮಾಡಿಸಿದರೆ ಏನು ನಷ್ಟ, ಸಮಾಧಾನ ಆದರೂ ಆಗುತ್ತದೆ ಅಂತಾರೆ. ಆದರೆ ನಷ್ಟ ಇದೆ.

ಸ್ಕ್ರೀನಿಂಗ್‌ಗೆಂದು ಮಾಡುವ ಕೊಲೊನೋಸ್ಕೋಪಿಯಲ್ಲಿ ಸುಮಾರು 10,000 ಜನರಲ್ಲಿ 3 ಜನರ ಕರುಳಿಗೆ ತೂತಾಗುತ್ತದೆ, 15 ಜನಕ್ಕೆ ಗಂಭೀರ ರಕ್ತಸ್ರಾವ ಆಗುತ್ತದೆ. ಚಿಕ್ಕ ಅಪಾಯವೇ. ಲಾಭ ದೊಡ್ಡದಿದ್ದಾಗ ಇದನ್ನು ಒಪ್ಪಿಕೊಳ್ಳುವುದು ಸರಿ. ಆದರೆ ಯಾವ ಅಪಾಯವೂ ಇಲ್ಲದ 28ರ ಹರೆಯದವರಲ್ಲಿ ಲಾಭ ಸೊನ್ನೆಗೆ ಹತ್ತಿರ ಇರುವಾಗ ಈ ಚಿಕ್ಕ ಅಪಾಯವೂ ದುಬಾರಿ. ಫಿಟ್ ಮಾಡಿಸಿದರೆ ಚುಚ್ಚುವುದಿಲ್ಲ, ನೋವಿಲ್ಲ ಅಂತ ಅನ್ನಿಸಬಹುದು. ಅದರಲ್ಲೂ ಕ್ಯಾನ್ಸರ್ ಇಲ್ಲದ 100 ಜನರಲ್ಲಿ ಐದಾರು ಜನಕ್ಕೆ ಪಾಸಿಟಿವ್ ಬರುತ್ತದೆ, ಬಂದ ಮೇಲೆ ಕೊಲೊನೋಸ್ಕೋಪಿಗೆ ಹೋಗದೆ ವಿಧಿಯಿಲ್ಲ. ಕಾಯಿಲೆಯ ಭಯ ಇರುವವರಿಗೆ ಆ ಪಾಸಿಟಿವ್ ಪದದಿಂದ ಕೊಲೊನೋಸ್ಕೋಪಿ ದಿನದವರೆಗಿನ ವಾರಗಳು ಹೇಗಿರುತ್ತವೆ ಅಂತ ನಿಮಗೇ ಗೊತ್ತು.

ಸಮಾಧಾನ ಸಿಗುತ್ತದೆ ಅನ್ನುವ ಮಾತನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. ಗಂಭೀರ ಕಾಯಿಲೆಯ ಸಾಧ್ಯತೆ ಕಮ್ಮಿ ಇರುವ ಜನರಿಗೆ ಟೆಸ್ಟ್ ಮಾಡಿ ನಾರ್ಮಲ್ ಅಂತ ತೋರಿಸಿದರೆ ಚಿಂತೆ ಇಳಿಯುತ್ತದಾ ಅಂತ ಹಲವು ಅಧ್ಯಯನಗಳನ್ನು ಒಟ್ಟುಹಾಕಿ 2013ರಲ್ಲಿ ಒಂದು ವಿಶ್ಲೇಷಣೆ ಬಂತು. ಟೆಸ್ಟ್ ಮಾಡಿಸಿಕೊಂಡವರ ಚಿಂತೆಗೂ ಮಾಡಿಸಿಕೊಳ್ಳದವರ ಚಿಂತೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಭಯದ ಜೊತೆ ಬದುಕಿದವರಿಗೆ ಇದು ಹೊಸ ಸುದ್ದಿಯಲ್ಲ. ರಿಪೋರ್ಟ್ ಬಂದ ದಿನ ಹಗುರ ಅನ್ನಿಸುತ್ತದೆ. ಕೆಲವು ದಿನಕ್ಕೆ, ಡಾಕ್ಟರ್ ಒಂದು ಮೂಲೆ ಸರಿಯಾಗಿ ನೋಡಿರಲಿಕ್ಕಿಲ್ಲ, ಆಮೇಲೆ ಹೊಸದಾಗಿ ಬೆಳೆದಿರಬಹುದು ಅನ್ನುವ ಯೋಚನೆ ಬರುತ್ತದೆ.

ಹೊಸದಾಗಿ ಬೆಳೆದಿರಬಹುದು ಅನ್ನುವ ಯೋಚನೆಗೆ ಒಂದು ಒಳ್ಳೆಯ ಉತ್ತರ ಇದೆ. ಈ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಪಾಲಿಪ್‌ನಿಂದ ಶುರುವಾಗುತ್ತವೆ. ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 10 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಬೇಕು, ಬಹುಪಾಲು ಪಾಲಿಪ್‌ಗಳು ಕ್ಯಾನ್ಸರ್ ಆಗುವುದೇ ಇಲ್ಲ. ಸಾಧಾರಣ ಅಪಾಯದವರಿಗೆ ಒಂದು ಒಳ್ಳೆಯ ಕೊಲೊನೋಸ್ಕೋಪಿ ನಾರ್ಮಲ್ ಬಂದರೆ ಮುಂದಿನದು 10 ವರ್ಷಕ್ಕೆ ಅನ್ನುವುದು ಇದೇ ಕಾರಣಕ್ಕೆ. ನಡುವೆ ಇನ್ನೊಂದು ಧೈರ್ಯಕ್ಕೆ ಇರಲಿ ಅಂತ ಫಿಟ್ ಮಾಡಿಸಬೇಡಿ. ಸಿಇಎ ಅನ್ನುವ ರಕ್ತ ಪರೀಕ್ಷೆ ಸ್ಕ್ರೀನಿಂಗ್‌ಗೆ ಅಲ್ಲ. ಕ್ಯಾನ್ಸರ್ ಇದ್ದವರನ್ನು ಹಿಂಬಾಲಿಸಿ ನೋಡಲು ಅದನ್ನು ಬಳಸುತ್ತಾರೆ. ಇಡೀ ದೇಹದ ಸ್ಕ್ಯಾನ್ ಪ್ಯಾಕೇಜ್‌ಗಳ ಹತ್ತಿರವೂ ಹೋಗಬೇಡಿ, ಅವು ಅರ್ಥವಿಲ್ಲದ ಚಿಕ್ಕ ಚಿಕ್ಕ ಗಂಟುಗಳನ್ನು ತೋರಿಸಿ ಹೊಸ ಹೊಸ ಭಯ ಹುಟ್ಟಿಸುತ್ತವೆ.

ವಯಸ್ಸಾಗಿದೆ, ಮಾಡಿಸಬೇಕು. ಯಾವುದು?

ಫಿಟ್, ಇಲ್ಲವೇ ಕೊಲೊನೋಸ್ಕೋಪಿ. ಬೇರೆಯವೂ ಇವೆ, ಆದರೆ ಹೆಚ್ಚಿನವರ ಆಯ್ಕೆ ಈ ಎರಡರ ನಡುವೆ ಇರುತ್ತದೆ.

ಫಿಟ್‌ಗೆ ಮನೆಯಲ್ಲೇ ಒಂದು ಕಡ್ಡಿಯಿಂದ ಸ್ವಲ್ಪ ಮಲ ತೆಗೆದು ಟ್ಯೂಬ್‌ಗೆ ಹಾಕಿದರೆ ಮುಗಿಯಿತು. ಪಥ್ಯ ಬೇಡ, ಯಾಕೆಂದರೆ ಅದು ಮನುಷ್ಯರ ರಕ್ತವನ್ನು ಮಾತ್ರ ಗುರುತಿಸುತ್ತದೆ. ಮಲ ನೀರಿಗೆ ಬೀಳುವ ಮೊದಲೇ ಹಿಡಿಯಬೇಕು, ಟ್ಯೂಬ್ ಮೇಲೆ ತಾರೀಕು ಬರೆಯಬೇಕು, ತಡ ಮಾಡದೆ ಕಳಿಸಬೇಕು. ಮುಟ್ಟಿನ ದಿನಗಳಲ್ಲಿ ತೆಗೆಯಬೇಡಿ. ಒಂದು ಸಲದ ಫಿಟ್ ಕ್ಯಾನ್ಸರ್ ಇರುವ ನಾಲ್ವರಲ್ಲಿ ಸುಮಾರು ಮೂವರನ್ನು ಹಿಡಿಯುತ್ತದೆ, ಪಾಲಿಪ್‌ಗಳನ್ನು ಅದಕ್ಕಿಂತ ತುಂಬಾ ಕಮ್ಮಿ ಹಿಡಿಯುತ್ತದೆ. ಹಾಗಾಗಿ ಅದರ ಬಲ ಇರುವುದು ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ತಪ್ಪದೆ ಮಾಡುವುದರಲ್ಲಿ.

ಕೊಲೊನೋಸ್ಕೋಪಿಯಲ್ಲಿ ಕ್ಯಾಮೆರಾ ಇರುವ ನಳಿಕೆಯಿಂದ ಇಡೀ ದೊಡ್ಡ ಕರುಳನ್ನು ನೋಡುತ್ತಾರೆ, ಪಾಲಿಪ್ ಕಂಡರೆ ಸಾಮಾನ್ಯವಾಗಿ ಅಲ್ಲೇ ತೆಗೆದುಬಿಡುತ್ತಾರೆ. ಹಿಂದಿನ ದಿನದಿಂದ ಔಷಧಿ ಕುಡಿದು ಕರುಳು ಪೂರ್ತಿ ಖಾಲಿ ಮಾಡಬೇಕು. ಬಹಳ ಜನ ಹೇಳುವ ಪ್ರಕಾರ ಕಷ್ಟದ ಭಾಗ ಅದೇ. ಮಂಪರು ಬರಲು ಔಷಧಿ ಕೊಡುವುದರಿಂದ ಪರೀಕ್ಷೆ ಅಷ್ಟು ಗೊತ್ತಾಗುವುದಿಲ್ಲ, ಮನೆಗೆ ಕರೆದುಕೊಂಡು ಹೋಗಲು ಒಬ್ಬರು ಜೊತೆಗೆ ಬೇಕು. ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧಿ, ಕಬ್ಬಿಣಾಂಶದ ಮಾತ್ರೆ ಇದ್ದರೆ ಮುಂಚೆಯೇ ಹೇಳಿ, ನೀವೇ ನಿಲ್ಲಿಸಬೇಡಿ.

ಭಯದ ದೃಷ್ಟಿಯಿಂದ ಯಾವುದು ಒಳ್ಳೆಯದು? ನನ್ನ ಅಭಿಪ್ರಾಯ ಹೇಳುತ್ತೇನೆ. ಟೆಸ್ಟ್ ಅಂದರೆ ಓಡಿಹೋಗುವವರಿಗೆ ಫಿಟ್ ಒಳ್ಳೆಯದು, ಬಾಗಿಲು ಚಿಕ್ಕದು, ದಾಟಬಹುದು. ರಿಸಲ್ಟ್‌ಗೆ ಕಾಯುವುದೇ ನರಕ ಅನ್ನುವವರಿಗೆ ಪ್ರತಿ ವರ್ಷ ಅದೇ ಕಾಯುವಿಕೆ ಬರುವುದರಿಂದ, ಆಯ್ಕೆ ಇದ್ದರೆ 10 ವರ್ಷಕ್ಕೊಮ್ಮೆಯ ಕೊಲೊನೋಸ್ಕೋಪಿ ಹಗುರ ಆಗಬಹುದು. ಇದನ್ನು ಡಾಕ್ಟರ್ ಹತ್ತಿರ ಬಾಯಿಬಿಟ್ಟು ಹೇಳಿ. ಎರಡೂ ಒಪ್ಪಿತ ಪರೀಕ್ಷೆಗಳೇ ಆಗಿರುವಾಗ ಮನಸ್ಸಿಗೆ ಯಾವುದು ಸುಲಭ ಅನ್ನುವುದು ನ್ಯಾಯವಾದ ಕಾರಣ.

ಲಾಭ ಎಷ್ಟು ಅನ್ನುವ ಅಳತೆಯೂ ಇರಲಿ, ಭಯಕ್ಕೆ ಅಳತೆ ಸಿಕ್ಕರೆ ಸ್ವಲ್ಪ ಕುಗ್ಗುತ್ತದೆ. 2022ರಲ್ಲಿ ಪೋಲೆಂಡ್, ನಾರ್ವೆ, ಸ್ವೀಡನ್‌ನ 55ರಿಂದ 64 ವಯಸ್ಸಿನ ಸುಮಾರು 84,000 ಜನರ ಅಧ್ಯಯನದ ಫಲಿತಾಂಶ ಬಂತು. 10 ವರ್ಷದಲ್ಲಿ, ಕೊಲೊನೋಸ್ಕೋಪಿಗೆ ಕರೆ ಬಾರದ 1,000 ಜನರಲ್ಲಿ 12 ಜನಕ್ಕೆ ಕರುಳಿನ ಕ್ಯಾನ್ಸರ್ ಬಂದಿತ್ತು, ಕರೆ ಬಂದ 1,000 ಜನರಲ್ಲಿ ಸುಮಾರು 10 ಜನಕ್ಕೆ. ಕರೆ ಬಂದವರಲ್ಲಿ ನಿಜವಾಗಿ ಹೋಗಿ ಮಾಡಿಸಿಕೊಂಡವರು ಶೇ. 42 ಮಾತ್ರ, ಹಾಗಾಗಿ ಮಾಡಿಸಿಕೊಂಡವರಿಗೆ ಲಾಭ ಇದಕ್ಕಿಂತ ಹೆಚ್ಚೇ ಇರಬೇಕು. ಇದರಲ್ಲಿ ಎರಡೂ ಥರದ ಭಯಕ್ಕೆ ಮಾತಿದೆ. ಏನೂ ಮಾಡಿಸದ ಆ ವಯಸ್ಸಿನ ಸಾವಿರ ಜನರಲ್ಲೂ 988 ಜನಕ್ಕೆ ಆ 10 ವರ್ಷದಲ್ಲಿ ಈ ಕ್ಯಾನ್ಸರ್ ಬರಲಿಲ್ಲ. ಮಾಡಿಸಿದರೆ ಉಳಿದ ಅಪಾಯವೂ ಇಳಿಯುತ್ತದೆ.

ಸಿಕ್ಕಿಬಿಟ್ಟರೆ ಅಂತ ತಪ್ಪಿಸಿಕೊಳ್ಳುವವರಿಗೆ

ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಗೊತ್ತಿಲ್ಲದೆ ಇದ್ದರೆ ಇಲ್ಲದ ಹಾಗೆ ಅನ್ನಿಸುತ್ತದೆ. ಆದರೆ ಈ ಕಾಯಿಲೆಯಲ್ಲಿ ಬೇಗ ಸಿಗುವುದಕ್ಕೂ ತಡವಾಗಿ ಸಿಗುವುದಕ್ಕೂ ಇರುವ ಅಂತರ ದೊಡ್ಡದು. ಕರುಳಿನಲ್ಲೇ ಇದ್ದಾಗ ಪತ್ತೆಯಾದರೆ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಐದು ವರ್ಷದ ಮೇಲೂ ಬದುಕಿರುತ್ತಾರೆ. ಪಾಲಿಪ್ ಹಂತದಲ್ಲೇ ಸಿಕ್ಕರೆ ತೆಗೆದುಹಾಕಿ, ಕ್ಯಾನ್ಸರ್ ಆಗುವುದನ್ನೇ ತಡೆಯಬಹುದು.

ಧೈರ್ಯ ಬರಲಿ ಆಮೇಲೆ ಮಾಡೋಣ ಅಂದರೆ ಅದು ಬರುವುದಿಲ್ಲ. ಕೆಲಸವನ್ನು ಚಿಕ್ಕದು ಮಾಡಿ. ಇವತ್ತು ಕಿಟ್ ತೆರೆದು ಬಾತ್‌ರೂಮಿನಲ್ಲಿ ಕಣ್ಣಿಗೆ ಕಾಣುವಲ್ಲಿ ಇಡಿ, ಅಷ್ಟೇ. ನಾಳೆ ಸೂಚನೆ ಓದಿ. ನಾಡಿದ್ದು ಸ್ಯಾಂಪಲ್ ತೆಗೆಯಿರಿ. ನಾಚಿಕೆ ತಡೆಯುತ್ತಿದ್ದರೆ ನೆನಪಿಡಿ, ಲ್ಯಾಬ್‌ನವರು ದಿನಕ್ಕೆ ನೂರಾರು ಟ್ಯೂಬ್ ನೋಡುತ್ತಾರೆ, ಎಂಡೋಸ್ಕೋಪಿ ಕೋಣೆಯಲ್ಲಿ ಇರುವವರಿಗೆ ಇದು ದಿನದ ಕೆಲಸ. ರಿಸಲ್ಟ್ ಬಂದಾಗ ಒಬ್ಬರೇ ತೆರೆಯಬೇಡಿ, ನಂಬಿಕೆಯವರೊಬ್ಬರು ಪಕ್ಕದಲ್ಲಿರಲಿ.

ಟೆಸ್ಟ್‌ಗೆ ಮೊದಲೇ ಹಾಳೆಯಲ್ಲಿ ಬರೆಯಬೇಕಾದದ್ದು

ರಿಸಲ್ಟ್ ಬಂದ ಮೇಲೆ ಭಯ ತನಗೆ ಬೇಕಾದ ಅರ್ಥ ಹಚ್ಚುತ್ತದೆ. ಹಾಗಾಗಿ ಅರ್ಥವನ್ನು ಮೊದಲೇ ಬರೆದಿಡಿ, ಡಾಕ್ಟರ್ ಜೊತೆ ಮಾತಾಡಿ.

ನೆಗೆಟಿವ್ ಬಂದರೆ: ಮುಂದಿನ ಟೆಸ್ಟ್ ಯಾವ ವರ್ಷ, ಯಾವ ತಿಂಗಳು. ಅಲ್ಲಿಯವರೆಗೆ ಯಾವ ಲಕ್ಷಣ ಬಂದರೆ ಮಾತ್ರ ಮತ್ತೆ ಹೋಗುತ್ತೇನೆ, ಅದನ್ನೂ ಬರೆಯಿರಿ. ಫಿಟ್ ಪಾಸಿಟಿವ್ ಬಂದರೆ: ಕೊಲೊನೋಸ್ಕೋಪಿ ಮಾಡಿಸುತ್ತೇನೆ. ಇನ್ನೊಂದು ಲ್ಯಾಬ್‌ನಲ್ಲಿ ಫಿಟ್ ಮತ್ತೆ ಮಾಡಿಸಿ ನೆಗೆಟಿವ್ ಬರಿಸಿಕೊಳ್ಳುವುದಿಲ್ಲ, ತಿಂಗಳುಗಟ್ಟಲೆ ಮುಂದೂಡುವುದೂ ಇಲ್ಲ. ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ, ಪೈಲ್ಸ್, ಪಾಲಿಪ್, ಉರಿಯೂತ, ಇಲ್ಲವೇ ಏನೂ ಸಿಗದೇ ಇರಬಹುದು. ಆದರೂ ಹೋಗಲೇಬೇಕು. ಪಾಲಿಪ್ ಸಿಕ್ಕರೆ: ಎಷ್ಟು, ಎಷ್ಟು ದೊಡ್ಡದು, ಯಾವ ಜಾತಿಯದು ಅಂತ ಕೇಳಿ ಮುಂದಿನ ತಾರೀಕು ಬರೆದುಕೊಳ್ಳುತ್ತೇನೆ. ಒಂದೆರಡು ಚಿಕ್ಕ ಅಡಿನೋಮಾ (ಮುಂದೆ ಕ್ಯಾನ್ಸರ್ ಆಗಬಹುದಾದ ಜಾತಿಯ ಪಾಲಿಪ್) ಮಾತ್ರ ಇದ್ದರೆ ಅಮೆರಿಕದ ಈಗಿನ ಸಲಹೆಯ ಪ್ರಕಾರ ಮುಂದಿನ ಕೊಲೊನೋಸ್ಕೋಪಿ 7ರಿಂದ 10 ವರ್ಷಕ್ಕೆ. ಪಾಲಿಪ್ ಅಂದ ತಕ್ಷಣ ಪ್ರಾಣ ಹೋದಂತಾಗುವವರು ಈ ಸಾಲನ್ನು ಎರಡು ಸಲ ಓದಿ.

ಡಾಕ್ಟರ್ ಹತ್ತಿರ ಹೇಗೆ ಹೇಳುವುದು

ಭಯವನ್ನು ಮುಚ್ಚಿಡಬೇಡಿ. ಹೇಳಿದರೆ ನಿಜವಾದ ಲಕ್ಷಣವನ್ನೂ ಟೆನ್ಷನ್ ಅಂತ ತಳ್ಳಿಹಾಕುತ್ತಾರೆ ಅನ್ನುವ ಅಳುಕು ಇರುತ್ತದೆ, ಗೊತ್ತು. ಅದಕ್ಕೆ ಎರಡನ್ನೂ ಒಟ್ಟಿಗೆ, ಹೀಗೆ ಹೇಳಿ: "ಡಾಕ್ಟ್ರೇ, ನನಗೆ ಕಾಯಿಲೆಯ ಭಯ ಜಾಸ್ತಿ, ಅದು ನನಗೆ ಗೊತ್ತಿದೆ. ಭಯ ಪಕ್ಕಕ್ಕಿಟ್ಟು ನೋಡಿದರೆ ನನ್ನ ವಯಸ್ಸಿಗೆ, ಮನೆಯ ಇತಿಹಾಸಕ್ಕೆ, ಈ ಲಕ್ಷಣಕ್ಕೆ ಟೆಸ್ಟ್ ಬೇಕಾ? ಬೇಡ ಅಂದರೆ ಯಾಕೆ ಬೇಡ, ಏನಾದರೆ ಮತ್ತೆ ಬರಬೇಕು ಅಂತ ಹೇಳಿ." ಹಾಳೆಯನ್ನು ಮುಂದಿಡಿ. ಲಕ್ಷಣ ಯಾವಾಗ ಶುರುವಾಯಿತು, ವಾರಕ್ಕೆ ಎಷ್ಟು ಸಲ ಅನ್ನುವುದು ಅದರಲ್ಲಿರಲಿ, ಹುಡುಕಿ ಓದಿದ್ದೆಲ್ಲಾ ಬೇಡ. ಒಬ್ಬರೇ ಡಾಕ್ಟರ್‌ನ್ನು ಹಿಡಿದುಕೊಳ್ಳಿ. ಅವರ ಉತ್ತರದಲ್ಲಿ ಕಾರಣ ಸಿಗದಿದ್ದರೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ಸರಿ. ಕಾರಣ ಸಿಕ್ಕಿಯೂ ಸಮಾಧಾನ ಆಗಲಿಲ್ಲ ಅಂತ ಮೂರನೆಯವರು, ನಾಲ್ಕನೆಯವರು ಅಂತ ಹೋಗುತ್ತಿದ್ದರೆ, ಆಗ ಚಿಕಿತ್ಸೆ ಬೇಕಾಗಿರುವುದು ಭಯಕ್ಕೆ.

ತೀರ್ಮಾನ ಆದ ಮೇಲೂ ಭಯ ಬರುತ್ತದೆ

ಟೆಸ್ಟ್ ಬೇಡ ಅಂತ ಆಯಿತು, ಅಥವಾ ಮಾಡಿಸಿ ನಾರ್ಮಲ್ ಬಂತು ಅಂದುಕೊಳ್ಳಿ. ಭಯ ಮತ್ತೆ ಬಂದರೆ ತೀರ್ಮಾನ ತಪ್ಪಾಗಿದೆ ಅಂತ ಅರ್ಥ ಅಲ್ಲ. ಆ ಹೊತ್ತಿಗೆ ನೀವು ಏನು ಮಾಡುತ್ತೀರಿ ಅನ್ನುವುದನ್ನು ಗಮನಿಸಿ. ಪ್ರತಿ ಸಲವೂ ಮಲವನ್ನು ಬಗ್ಗಿ ನೋಡುವುದು, ಟಾರ್ಚ್ ಹಾಕಿ ಫೋಟೋ ತೆಗೆಯುವುದು, ಹೊಟ್ಟೆ ಒತ್ತಿ ಒತ್ತಿ ಗಂಟು ಹುಡುಕುವುದು, ಆಮೇಲೆ ಒತ್ತಿದ್ದಕ್ಕೇ ನೋವು ಬಂದರೆ ಅದಕ್ಕೂ ಹೆದರುವುದು, ದಿನಕ್ಕೆ ಮೂರು ಸಲ ತೂಕ ನೋಡುವುದು, ರಾತ್ರಿ ಹುಡುಕುವುದು, ಮನೆಯವರನ್ನು ಏನೂ ಇಲ್ಲ ಅಲ್ವಾ ಅಂತ ಕೇಳುವುದು. ಒಂದೊಂದರಿಂದಲೂ ಎರಡು ನಿಮಿಷ ಹಗುರ ಆಗುತ್ತದೆ, ಆಮೇಲೆ ಇನ್ನೂ ಜಾಸ್ತಿ ಬೇಕು ಅನ್ನಿಸುತ್ತದೆ.

ಎಲ್ಲವನ್ನೂ ಒಂದೇ ದಿನ ಬಿಡಲು ಹೋಗಬೇಡಿ. ಒಂದನ್ನು ಆರಿಸಿ. ತೂಕ ವಾರಕ್ಕೆ ಒಂದೇ ದಿನ. ಹೊಟ್ಟೆ ಒತ್ತುವುದು ಪೂರ್ತಿ ಬಂದ್. ಹುಡುಕಬೇಕು ಅನ್ನಿಸಿದಾಗ ಅರ್ಧ ಗಂಟೆ ಮುಂದೂಡಿ, ಬೇಡ ಅನ್ನಬೇಡಿ, ಆಮೇಲೆ ಅಂತ ಮಾತ್ರ ಹೇಳಿಕೊಳ್ಳಿ. ಅಷ್ಟು ಹೊತ್ತಿಗೆ ಆ ಅಲೆ ಸ್ವಲ್ಪ ಇಳಿದಿರುತ್ತದೆ. ಟಾಯ್ಲೆಟ್‌ನಲ್ಲಿ ಒಂದು ಸಲ ಸಹಜವಾಗಿ ಕಣ್ಣು ಹಾಯಿಸುವುದು ಸಾಕು, ಡಾಕ್ಟರ್‌ಗೆ ಹೇಳಬೇಕಾದಷ್ಟು ರಕ್ತ ಇದ್ದರೆ ಅದಕ್ಕೆ ಟಾರ್ಚ್ ಬೇಕಾಗುವುದಿಲ್ಲ. ಮನೆಯವರಿಗೆ ಹೇಳಿಡಿ, ನಾನು ಕೇಳಿದಾಗ ಏನೂ ಇಲ್ಲ ಬಿಡು ಅನ್ನಬೇಡಿ, ಬೈಯಲೂ ಬೇಡಿ, ಹಾಳೆಯಲ್ಲಿ ಏನು ಬರೆದಿದ್ದೀಯ ನೋಡು, ಬಾ ಒಂದು ಸುತ್ತು ನಡೆದು ಬರೋಣ ಅನ್ನಿ.

ಆರು ತಿಂಗಳಿಂದ ಇದೇ ಯೋಚನೆ ಕೆಲಸ, ನಿದ್ದೆ, ಸಂಬಂಧಗಳನ್ನು ತಿನ್ನುತ್ತಿದ್ದರೆ ಸೈಕಾಲಜಿಸ್ಟ್ ಅಥವಾ ಸೈಕಿಯಾಟ್ರಿಸ್ಟ್‌ನ್ನು ನೋಡಿ. ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಕಾಯಿಲೆಯ ಭಯಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಅಧ್ಯಯನಗಳಿಂದ ಗೊತ್ತಾಗಿದೆ, ಕೆಲವರಿಗೆ ಔಷಧಿಯೂ ಸಹಾಯ ಮಾಡುತ್ತದೆ. ಟೆಸ್ಟ್‌ಗಳಿಂದ ತಪ್ಪಿಸಿಕೊಳ್ಳುವುದೂ ಇದೇ ಭಯದ ಇನ್ನೊಂದು ರೂಪ ಅಂತ ಮನೋವೈದ್ಯರು ಗುರುತಿಸುತ್ತಾರೆ, ಹಾಗಾಗಿ ನಾನು ಟೆಸ್ಟ್ ಮಾಡಿಸುವವನೇ ಅಲ್ಲ, ನನಗೆಲ್ಲಿ ಆತಂಕ ಅನ್ನುವವರಿಗೂ ಇದು ಹೊಂದುತ್ತದೆ.

ಭಯ ಪೂರ್ತಿ ವಾಸಿಯಾಗಲಿ, ಆಮೇಲೆ ಸ್ಕ್ರೀನಿಂಗ್ ನೋಡೋಣ ಅಂತ ಮಾತ್ರ ಕಾಯಬೇಡಿ. ವಯಸ್ಸು ಅಥವಾ ಮನೆಯ ಇತಿಹಾಸದ ಲೆಕ್ಕದಲ್ಲಿ ನಿಮ್ಮ ಸರದಿ ಬಂದಿದ್ದರೆ ಈ ತಿಂಗಳೇ ತಾರೀಕು ಹಾಕಿಸಿ, ಅದರ ಪಕ್ಕದಲ್ಲೇ ಸಿಬಿಟಿಯ ಮೊದಲ ಅಪಾಯಿಂಟ್‌ಮೆಂಟ್ ಕೂಡ ಬರೆಯಿರಿ. ಎರಡೂ ಒಟ್ಟೊಟ್ಟಿಗೆ ನಡೆಯಬಹುದು, ಒಂದಕ್ಕಾಗಿ ಇನ್ನೊಂದು ಕಾಯಬೇಕಾಗಿಲ್ಲ.